ಆಶ್‌ವಿಲ್ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಷೋ: ಮಾರಿಸ್ ಕುರ್ಚಿ, ಮ್ಯಾಟ್ ಗ್ಲೇಜ್ ಹೂದಾನಿ ಕೊಳ್ಳುವ ಮೊದಲು ಏನೇನು ನೋಡಬೇಕು?

ಪ್ರಶ್ನೆ – ನೆರಳುಬೆಳಕು

ಫೆಬ್ರವರಿಯಲ್ಲಿ ಉತ್ತರ ಕೆರೊಲಿನಾದ ಆಶ್‌ವಿಲ್‌ನ ಗ್ರೋವ್ ಪಾರ್ಕ್ ಇನ್ ಹೋಟೆಲಿನಲ್ಲಿ ನಡೆಯುವ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ (ನೂರು ವರ್ಷದ ಹಿಂದಿನ ಕೈಕೆಲಸದ ಶೈಲಿ) ಸಮ್ಮೇಳನದ ಆಂಟಿಕ್ ಷೋಗೆ ಷಾರ್ಲಟ್‌ನಿಂದ ಮಿನಿವ್ಯಾನ್‌ನಲ್ಲಿ ಹೊರಡುತ್ತಿದ್ದೇನೆ. ಬೇಕಿರುವುದು ಎರಡೇ: ಪೀಠೋಪಕರಣ ತಯಾರಕ ಗುಸ್ತಾವ್ ಸ್ಟಿಕ್ಲಿಯ ಅಥವಾ ಅವನ ತಮ್ಮಂದಿರ ಕಂಪನಿ ಎಲ್. ಅಂಡ್ ಜೆ.ಜಿ. ಸ್ಟಿಕ್ಲಿಯ ಒಂದು ಮಾರಿಸ್ ಕುರ್ಚಿ (ಬೆನ್ನನ್ನು ಹಿಂದೆ ಮುಂದೆ ಮಾಡಬಹುದಾದ ತೋಳುಕುರ್ಚಿ), ಜೊತೆಗೆ ರೂಕ್‌ವುಡ್ ಅಥವಾ ಗ್ರೂಬಿ ಮಡಿಕೆ ಕಾರ್ಖಾನೆಯ ಒಂದು ಸಣ್ಣ ಹೂದಾನಿ. ಕಂಪನಿಗಳ ಇತಿಹಾಸ ಓದಿಕೊಂಡಿದ್ದೇನೆ, ಮುದ್ರೆಗಳ ಪರಿಚಯವೂ ಇದೆ. ಗೊತ್ತಾಗಬೇಕಿರುವುದು ಸ್ಟಾಲ್ ಮುಂದೆ ನಿಂತಾಗ ಕೈ ಏನು ಮಾಡಬೇಕು ಎನ್ನುವುದು. ಪಾಲಿಶ್ ಮೂಲದ್ದೋ ಆಮೇಲೆ ಹೊಡೆದದ್ದೋ ಹೇಗೆ ತಿಳಿಯುವುದು? ಹೂದಾನಿಗೆ ರಿಪೇರಿ ಆಗಿದ್ದರೆ ಹೇಗೆ ಪತ್ತೆ ಹಚ್ಚುವುದು? ಚೌಕಾಸಿ ಎಷ್ಟರ ಮಟ್ಟಿಗೆ ಸಲ್ಲುತ್ತದೆ?

ಉತ್ತರ – ಬೀಟೆಮರ

ಕುರ್ಚಿಯ ಬಗ್ಗೆ ಹೇಳುತ್ತೇನೆ. ಮಡಿಕೆ ವಿಷಯ ತಿಳಿದವರು ಬೇರೆ ಬರೆಯಲಿ.

ಮೊದಲು ಸಲಕರಣೆ: ಇಂಚಿನ ಟೇಪು, ಸಣ್ಣ ಟಾರ್ಚು, 365 ನ್ಯಾನೊಮೀಟರಿನ ಅಲ್ಟ್ರಾವಯೊಲೆಟ್ ಟಾರ್ಚು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ 395ರದ್ದು ಬೇಡ. ಅದರಿಂದ ಕಣ್ಣಿಗೆ ಕಾಣುವ ನೇರಳೆ ಬೆಳಕೇ ಹೆಚ್ಚು ಹೊಮ್ಮಿ, ನೋಡಬೇಕಾದ ಮಂದ ಹೊಳಪನ್ನು ಮುಳುಗಿಸಿಬಿಡುತ್ತದೆ. ವ್ಯಾನಿನ ಹಿಂಬದಿಯ ಉದ್ದ ಅಗಲ ಎತ್ತರವನ್ನೂ, ಬಾಗಿಲು ತೆರೆದಾಗ ಸಿಗುವ ಎತ್ತರವನ್ನೂ ಮನೆಯಲ್ಲೇ ಅಳೆದು ಬರೆದಿಟ್ಟುಕೊಳ್ಳಿ.

ನಮ್ಮ ಮಲೆನಾಡಿನ ಬೀಟೆ ಪೀಠೋಪಕರಣ ನೋಡಿ ಬೆಳೆದವರು ಇಲ್ಲಿ ಒಂದು ವಿಷಯ ಬೇರೆಯಾಗಿ ತಿಳಿದುಕೊಳ್ಳಬೇಕು. ಬೀಟೆಯ ಬಣ್ಣ ಮರದ್ದೇ, ಉಜ್ಜಿದರೂ ಒಳಗೆ ಅದೇ ಬಣ್ಣ. ಸ್ಟಿಕ್ಲಿಗಳ ಕಂದು ಬಣ್ಣ ಮಾಡಿಸಿಕೊಂಡದ್ದು. ಬಿಳಿ ಓಕ್ ಮರವನ್ನು ತೀವ್ರ ಅಮೋನಿಯದ ಹಬೆ ತುಂಬಿದ ಮುಚ್ಚಿದ ಕೋಣೆಯಲ್ಲಿ ಇಡುತ್ತಿದ್ದರು. ಮರದ ಒಗರು ಅಂಶವಾದ ಟ್ಯಾನಿನ್ ಆ ಹಬೆಯೊಡನೆ ಸೇರಿ ಕಪ್ಪಾಗುತ್ತದೆ. ಆಮೇಲೆ ಮೇಲೆ ಶೆಲ್ಯಾಕ್ (ಅರಗಿನ ಪಾಲಿಶ್), ಮೇಣ. ಹಬೆ ಮರದೊಳಕ್ಕೂ ಸ್ವಲ್ಪ ಇಳಿಯುವುದರಿಂದ ಹಳೆಯ ಗೀರಿನ ತಳವೂ ಕಂದಾಗಿಯೇ ಕಾಣುತ್ತದೆ. ಮೇಲ್ಮೈಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಗೀರು ಬಿಳಿಚಿಕೊಂಡಿರುತ್ತದೆ. ಹೊರಮರದ ಬಿಳಿ ಅಂಚಿನಲ್ಲಿ ಟ್ಯಾನಿನ್ ಕಡಿಮೆ, ಹಬೆಗೆ ಅದು ಸರಿಯಾಗಿ ಬಣ್ಣ ಹಿಡಿಯುವುದಿಲ್ಲ. ಕಾರ್ಖಾನೆಯಲ್ಲಿ ಅಲ್ಲಿಗೆ ಬಣ್ಣ ತಾಗಿಸಿ ಸರಿದೂಗಿಸುತ್ತಿದ್ದರು. ಯಾರೋ ಪಾಲಿಶ್ ಕಿತ್ತು ಹಾಕಿದ್ದರೆ ಆ ತಿಳಿ ಪಟ್ಟಿ ಎದ್ದು ಕಾಣುತ್ತದೆ. ಇದನ್ನು ಮೊದಲು ನೋಡಿ.

ಆಮೇಲೆ ಟಾರ್ಚು. ಚನ್ನಪಟ್ಟಣದ ಗೊಂಬೆಗೆ ಮೆರುಗು ಕೊಡುವ ಅರಗಿನಿಂದಲೇ ಶೆಲ್ಯಾಕ್ ಆಗುವುದು. ಅಲ್ಟ್ರಾವಯೊಲೆಟ್ ಬೆಳಕಿನಲ್ಲಿ ಹಳೆಯ ಶೆಲ್ಯಾಕ್ ಕಿತ್ತಳೆ ಬಣ್ಣಕ್ಕೆ ಹೊಳೆಯುತ್ತದೆ. ಕುರ್ಚಿಯ ತೋಳು, ಹಿಂಗಾಲು, ಸೀಟಿನ ಕೆಳಪಟ್ಟಿ ಎಲ್ಲ ಕಡೆ ಹಿಡಿದು ನೋಡಿ. ಕೆಳಗೆ ಕಿತ್ತಳೆ, ತೋಳಿನ ಮೇಲೆ ಮಾತ್ರ ಬೇರೆ ಬಣ್ಣ ಬಂದರೆ ತೋಳನ್ನು ಮತ್ತೆ ಪಾಲಿಶ್ ಮಾಡಿದ್ದಾರೆ ಎಂದು ಅರ್ಥ. ಕೈಬೆವರು ತಾಗುವ ಜಾಗ ಅದು, ಆಶ್ಚರ್ಯವಿಲ್ಲ. ಬೆಲೆಯಲ್ಲಿ ಮಾತ್ರ ಅದು ಕಾಣಬೇಕು.

ಈಗ ಕುರ್ಚಿಯನ್ನು ಮಗುಚಿ. ಡೀಲರನ್ನು ಕೇಳಿ, ಅವರ ಕೈಯಲ್ಲೇ ಮಗುಚಿಸಿ. ಕಾಲಿನ ತುದಿಯ ಅಂಚನ್ನು ಸಣ್ಣಗೆ ಓರೆ ಕತ್ತರಿಸಿರುತ್ತಾರೆ, ಎಳೆದಾಡಿದಾಗ ಸೀಳಬಾರದು ಎಂದು. ಓರೆ ಇಲ್ಲದೆ ಚೂಪಾದ ಅಂಚು, ತಿಳಿ ಬಣ್ಣದ ತುದಿ ಇದ್ದರೆ ಕಾಲು ಮೋಟು ಮಾಡಿದ್ದಾರೆ. ಮಾರಿಸ್ ಕುರ್ಚಿಗಳಲ್ಲಿ ಇದು ತುಂಬಾ ಸಾಮಾನ್ಯ. ಹಳೆಯ ಕ್ಯಾಟಲಾಗ್‌ಗಳ ಮರುಮುದ್ರಣದಲ್ಲಿ ಆ ಮಾದರಿಯ ಅಳತೆ ನೋಡಿಕೊಂಡು ಹೋಗಿ, ಟೇಪು ಹಿಡಿದು ತಾಳೆ ಮಾಡಿ. ಗುಸ್ತಾವ್‌ನ ಚಪ್ಪಟೆ ತೋಳಿನ 332, ಬಾಗಿದ ತೋಳಿನ 369 ಎರಡರ ಅಳತೆಯಾದರೂ ನಿಮ್ಮ ಬಳಿ ಇರಲಿ.

ಕಾಲಿನ ತುದಿಯಲ್ಲೇ ಇನ್ನೊಂದು ಸಾಕ್ಷಿ ಸಿಗುತ್ತದೆ. ಕ್ವಾರ್ಟರ್ ಕೊಯ್ತದ (ದಿಮ್ಮಿಯನ್ನು ಮೊದಲು ನಾಲ್ಕು ಸೀಳಾಗಿಸಿ ಕೊಯ್ದ) ಓಕಿನಲ್ಲಿ ಬೆಳ್ಳಿಯಂಥ ಪಟ್ಟೆ ಎರಡು ಮಗ್ಗುಲಿಗೆ ಮಾತ್ರ ಬರುವುದು ಸಹಜ. ಎಲ್. ಅಂಡ್ ಜೆ.ಜಿ.ಯವರು ನಾಲ್ಕು ತುಂಡುಗಳನ್ನು ನಡುವಿನ ಸಣ್ಣ ತಿರುಳಿನ ಸುತ್ತ ಜೋಡಿಸಿ ನಾಲ್ಕೂ ಕಡೆ ಪಟ್ಟೆ ಬರುವಂತೆ ಕಾಲು ಮಾಡಿದರು. ತುದಿ ನೋಡಿದರೆ ಆ ನಾಲ್ಕು ಕೂಡುಗೆರೆ ಕಾಣುತ್ತದೆ. ಗುಸ್ತಾವ್ ಕಾಲುಗಳಲ್ಲಿ ಸಾದಾ ಮಗ್ಗುಲಿಗೆ ತೆಳು ಹಲಗೆ ಅಂಟಿಸಿದ್ದುಂಟು.

ತೋಳಿನ ಮೇಲೆ ಕಾಲಿನ ಟೆನನ್ (ತೂತಿಗೆ ಕೂರಿಸುವ ಮರದ ನಾಲಿಗೆ) ತುದಿ ಹಾದು ಬಂದಿರುತ್ತದಲ್ಲ, ಅಲ್ಲಿ ಮರದ ಅಡ್ಡಕೊಯ್ತದ ರಂಧ್ರಗಳೇ ಕಾಣಬೇಕು. ಉದ್ದ ನಾರು ಕಂಡರೆ ಅದು ಮೇಲೆ ಅಂಟಿಸಿದ ಬಿಲ್ಲೆ. ನಕ್ಷತ್ರ ತಲೆಯ ಫಿಲಿಪ್ಸ್ ಸ್ಕ್ರೂ ಎಲ್ಲೇ ಕಂಡರೂ ಅದು 1930ರ ದಶಕದ ನಂತರದ ಕೈಕೆಲಸ.

ಮುದ್ರೆಯನ್ನು ಕೊನೆಗೆ ನೋಡಿ, ಮೊದಲಲ್ಲ. ಗುಸ್ತಾವ್‌ನದು ಕೈವಾರ ಮತ್ತು ‘ಆಲ್ಸ್ ಇಕ್ ಕಾನ್’ ಎಂಬ ಮಾತು: ಮೊದಲ ವರ್ಷಗಳಲ್ಲಿ ಕೆಂಪು ಅಚ್ಚುಚಿತ್ರ, ಸುಮಾರು 1912ರ ನಂತರ ಸುಟ್ಟು ಒತ್ತಿದ ಕಪ್ಪು ಗುರುತು. ಕೆಂಪು ಚಿತ್ರದ ನಕಲು ಅಂಟಿಸುವುದು ಕಷ್ಟವಲ್ಲ. ಮೂಲದ್ದಾದರೆ ಮೇಲಿನ ಪಾಲಿಶ್ ಜೊತೆಗೇ ಸವೆದಿರುತ್ತದೆ. ಕುರ್ಚಿಯೆಲ್ಲ ಸವೆದು ಚಿತ್ರ ಮಾತ್ರ ಹೊಚ್ಚಹೊಸದಾಗಿದ್ದರೆ ಮುಂದಿನ ಸ್ಟಾಲಿಗೆ ನಡೆಯಿರಿ.

ಉತ್ತರ – ಕೆಮ್ಮಣ್ಣು

ಹೂದಾನಿ ಎತ್ತುವ ಮುಂಚೆ ಉಂಗುರ, ಕೈಗಡಿಯಾರ ತೆಗೆಯಿರಿ. ಒಂದು ಕೈ ತಳಕ್ಕೆ, ಒಂದು ಕೈ ಹೊಟ್ಟೆಗೆ. ಬಾಯಿ ಅಂಚು ಹಿಡಿದು ಎತ್ತಲೇಬೇಡಿ, ರಿಪೇರಿ ಇದ್ದರೆ ಬಹುಪಾಲು ಅಲ್ಲೇ ಇರುತ್ತದೆ.

ಗ್ರೂಬಿ ಬಾಸ್ಟನ್ನಿನದು. ಸೌತೆಕಾಯಿ ಸಿಪ್ಪೆಯಂಥ ಮ್ಯಾಟ್ (ಹೊಳಪಿಲ್ಲದ) ಹಸಿರೇ ಅದರ ಹೆಸರು ಉಳಿಸಿದ್ದು. ಎಲೆಗಳ ನಡುಗೆರೆ, ಅಂಚುಗಳನ್ನು ಕೈಯಲ್ಲೇ ಎಬ್ಬಿಸಿರುವುದರಿಂದ ಆ ಏಣುಗಳು ಮೊದಲು ಪೆಟ್ಟು ತಿನ್ನುತ್ತವೆ. ಸಾಸಿವೆಯಷ್ಟು ಚಕ್ಕೆ ಒಂದೆರಡು ಇದ್ದರೆ ಗ್ರೂಬಿಯಲ್ಲಿ ಜನ ಒಪ್ಪುತ್ತಾರೆ. ಅದನ್ನು ಮುಚ್ಚಿ ಬಣ್ಣ ಸಿಂಪಡಿಸಿದ್ದರೆ ಒಪ್ಪಬಾರದು. ಹೊಳಪಿನ ಗ್ಲೇಜ್ (ಮಡಿಕೆಯ ಮೇಲಿನ ಗಾಜಿನಂಥ ಲೇಪ) ಮೇಲೆ ರಿಪೇರಿ ಮಾಡಿದರೆ ದೀಪದ ಪ್ರತಿಬಿಂಬ ಅಲ್ಲಿ ಮುರಿದು ಸಿಕ್ಕಿಬೀಳುತ್ತದೆ. ಮ್ಯಾಟ್ ಮೇಲೆ ಪ್ರತಿಬಿಂಬವೇ ಇಲ್ಲವಾದ್ದರಿಂದ ಕಣ್ಣಿಗೆ ಸುಲಭಕ್ಕೆ ದಕ್ಕುವುದಿಲ್ಲ. ಹಾಗಾಗಿ ಮೂರು ಪರೀಕ್ಷೆ ಒಟ್ಟಿಗೆ ಮಾಡಿ.

ಬೆರಳ ತುದಿಯಿಂದ ಅಂಚನ್ನು ನಿಧಾನವಾಗಿ ಸವರಿ. ಗ್ಲೇಜ್ ಗಾಜಿನ ಜಾತಿ, ತಣ್ಣಗಿರುತ್ತದೆ. ಅಕ್ರಿಲಿಕ್ ಬಣ್ಣ ಸ್ವಲ್ಪ ಬೆಚ್ಚಗೆ, ಮೇಣದಂತೆ ಜಾರುತ್ತದೆ. ಆಮೇಲೆ ಉಗುರಿನಿಂದ ಮೆಲ್ಲಗೆ ತಟ್ಟಿ ಕೇಳಿ. ಗಟ್ಟಿ ಪಾತ್ರೆ ದನಿ ಕೊಡುತ್ತದೆ, ಸೀಳಿದ್ದು ಒಡಕು ಸದ್ದು ಮಾಡುತ್ತದೆ. ಆದರೆ ದಪ್ಪ ಗೋಡೆಯ ಗ್ರೂಬಿ, ಟೆಕೊ ಕಂಪನಿಗಳ ಪಾತ್ರೆಗಳು ಚೆನ್ನಾಗಿದ್ದರೂ ಮಂದವಾಗಿಯೇ ಸದ್ದು ಕೊಡುವುದುಂಟು, ಇದೊಂದನ್ನೇ ನಂಬಬೇಡಿ. ಮೂರನೆಯದು ಅಲ್ಟ್ರಾವಯೊಲೆಟ್. ಸಭಾಂಗಣದ ಬೆಳಕಿನಲ್ಲಿ ಏನೂ ಕಾಣದು. ಮೇಜಿನ ಹೊದಿಕೆಯ ಕೆಳಗೆ ಹಿಡಿದು ನೋಡಬಹುದೇ ಎಂದು ಕೇಳಿ, ಒಳ್ಳೆಯ ಡೀಲರ್ ಬೇಡ ಎನ್ನುವುದಿಲ್ಲ. ರಿಪೇರಿಯ ಜಾಗ ಸುತ್ತಲಿನದಕ್ಕಿಂತ ಬೇರೆಯಾಗಿ ಹೊಳೆಯುತ್ತದೆ. ಅಸಿಟೋನ್ ಹಚ್ಚಿದರೆ ಬಣ್ಣ ಕರಗುತ್ತದೆ ನಿಜ, ಆದರೆ ಬೇರೆಯವರ ಮಾಲಿನ ಮೇಲೆ ಅದನ್ನು ಪ್ರಯೋಗಿಸುವಂತಿಲ್ಲ.

ತಳದಲ್ಲಿ ತೂತಿದೆಯಾ ನೋಡಿ. ಎಷ್ಟೋ ಹೂದಾನಿಗಳನ್ನು ದೀಪದ ಕಂಬ ಮಾಡಿ ತಂತಿ ಎಳೆಯಲು ಕೊರೆದಿದ್ದಾರೆ, ಕೆಲವನ್ನು ಮತ್ತೆ ತುಂಬಿಸಿದ್ದಾರೆ. ಮುದ್ರೆಯ ನಡುವೆಯೇ ಕೊರೆದಿದ್ದರೆ ಬೆಲೆ ಪಾತಾಳಕ್ಕೆ. ತಳದ ಅಂಚಿನಲ್ಲಿ ಗ್ಲೇಜ್ ಹರಿದು ಅಂಟಿಕೊಂಡದ್ದನ್ನು ಕಾರ್ಖಾನೆಯಲ್ಲಿ ಉಜ್ಜಿ ತೆಗೆದಾಗ ಎದ್ದ ಚಕ್ಕೆ ದೋಷವಲ್ಲ. ಫುಲ್ಪರ್ ಕಂಪನಿಯ ಮಾಲಿನಲ್ಲಿ ಅದು ಮಾಮೂಲು.

ರೂಕ್‌ವುಡ್ ಓದುವುದು ಸಂತೋಷದ ಕೆಲಸ, ಸಿನ್ಸಿನಾಟಿಯವರು ಅಷ್ಟು ಶಿಸ್ತಾಗಿ ಲೆಕ್ಕ ಇಟ್ಟಿದ್ದಾರೆ. ತಳದ ಮುದ್ರೆ 1886ರಲ್ಲಿ ಬೆನ್ನಿಗೆ ಬೆನ್ನು ಹಚ್ಚಿದ ಆರ್ ಮತ್ತು ಪಿ. 1887ರಿಂದ ವರ್ಷಕ್ಕೊಂದು ಜ್ವಾಲೆ ಸೇರುತ್ತಾ 1900ಕ್ಕೆ 14 ಜ್ವಾಲೆ. 1901ರಿಂದ ಜ್ವಾಲೆ ಅಷ್ಟಕ್ಕೇ ನಿಂತು ಕೆಳಗೆ ರೋಮನ್ ಅಂಕಿ. ಅಂದರೆ 14 ಜ್ವಾಲೆಯ ಕೆಳಗೆ ರೋಮನ್ ಹನ್ನೊಂದು ಇದ್ದರೆ 1911. ಪಕ್ಕದ ಸಂಖ್ಯೆ ಆಕಾರದ್ದು, ಅದರ ಜೊತೆಯ ಎ ಯಿಂದ ಎಫ್‌ವರೆಗಿನ ಅಕ್ಷರ ಗಾತ್ರದ್ದು, ಎ ದೊಡ್ಡದು. ಚಕ್ರದಲ್ಲಿ ಕೊರೆದ ಇಂಟು ಗುರುತು ಇದ್ದರೆ ಕಾರ್ಖಾನೆಯೇ ಅದನ್ನು ಎರಡನೇ ದರ್ಜೆ ಎಂದು ತೀರ್ಮಾನಿಸಿದೆ. ದೋಷ ಏನೆಂದು ಕಂಡುಹಿಡಿಯಿರಿ. ಕೆಲವೊಮ್ಮೆ ಗ್ಲೇಜಿನ ಒಂದು ಗುಳ್ಳೆ ಅಷ್ಟೆ. ಚಿತ್ರಕಾರರ ಸಹಿ ಇಲ್ಲದೆ ಅಚ್ಚಿನಲ್ಲಿ ಬಂದ ಮಾಲಿಗೂ, ಕೈಯಲ್ಲಿ ಚಿತ್ರಿಸಿ ಸಹಿ ಗೀಚಿದ್ದಕ್ಕೂ ಬೆಲೆ ಹಲವು ಪಟ್ಟು ವ್ಯತ್ಯಾಸ. ಅಲ್ಲಿನ ಚಿತ್ರಕಾರ ಕಟಾರೊ ಶಿರಯಮದನಿ ಜಪಾನಿ ಲಿಪಿಯಲ್ಲೇ ಸಹಿ ಹಾಕುತ್ತಿದ್ದರು.

ಒಂದು ಎಚ್ಚರಿಕೆ ವ್ಯಾನ್ ಬ್ರಿಗಲ್ ಎಂಬ ಮಡಿಕೆ ಕಂಪನಿಯ ಬಗ್ಗೆ. ಆರ್ಟಸ್ ವ್ಯಾನ್ ಬ್ರಿಗಲ್ 1904ರಲ್ಲೇ ತೀರಿಕೊಂಡರು, ಅವರ ವಿನ್ಯಾಸಗಳನ್ನು ಕಾರ್ಖಾನೆ ಮುಂದೆ ಎಷ್ಟೋ ದಶಕ ಎರಕ ಹೊಯ್ಯುತ್ತಲೇ ಇತ್ತು. ಅದರ ಜೋಡಿ ಎ ಗುರುತು ಕಂಡು ಹಿಗ್ಗಬೇಡಿ. ತಳದಲ್ಲಿ ಮೊದಲ ದಶಕದ ಇಸವಿ ಗೀಚಿದ್ದಿದ್ದರೆ ಮಾತ್ರ ಆ ಕಾಲದ ಬೆಲೆ ಮಾತಾಡಿ.

ನೆರಳುಬೆಳಕು

ಇಬ್ಬರಿಗೂ ವಂದನೆ. ಎರಡು ಸಂಶಯ ಉಳಿದವು. ಮತ್ತೆ ಪಾಲಿಶ್ ಮಾಡಿದ ಕುರ್ಚಿ ಅಗ್ಗಕ್ಕೆ ಸಿಕ್ಕರೆ ಬಿಡಬೇಕೇ? ಹೊಸದಾಗಿ ತಯಾರಾದ ಸ್ಟಿಕ್ಲಿಯನ್ನು ಹಳೆಯದೆಂದು ತಳ್ಳುವ ಸಾಧ್ಯತೆ ಎಷ್ಟು?

ಉತ್ತರ – ತೂಗುಮಂಚ

ಬೀಟೆಮರ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ದಿನಾ ಕೂರಲು ಬೇಕಾದ ಕುರ್ಚಿಗೆ ಅಷ್ಟು ಕಟ್ಟುನಿಟ್ಟು ಬೇಡ ಎನ್ನುವುದು ನನ್ನ ಅಭಿಪ್ರಾಯ. ಮೂಲ ಪಾಲಿಶ್ ಇರುವ ಕುರ್ಚಿ ಕೊಂಡರೆ ಬಿಸಿ ಲೋಟ ಇಡಲೂ ಹೆದರಿಕೆ, ಶೆಲ್ಯಾಕ್‌ಗೆ ಮದ್ಯಸಾರ ತಾಗಿದರೆ ಕರಗುತ್ತದೆ, ಬಿಸಿ ತಾಗಿದರೆ ಬಿಳಿ ಕಲೆ. ಕಾಲು ಪೂರ್ತಿ ಇದ್ದು, ಜೋಡಣೆ ಬಿಗಿ ಇದ್ದು, ಮೇಲಿನ ಪಾಲಿಶ್ ಮಾತ್ರ ಹೊಸದಾದ ಕುರ್ಚಿ ನಿಮ್ಮ ಕೆಲಸಕ್ಕೆ ಚೆನ್ನಾಗಿಯೇ ಆಗುತ್ತದೆ. ಮರಳು ಕಾಗದದಲ್ಲಿ ಯಂತ್ರ ಹಾಕಿ ಉಜ್ಜಿದ್ದರೆ ಮಾತ್ರ ಬಿಡಿ. ಅಂಚುಗಳು ಉರುಟಾಗಿ, ಟೆನನ್ ತುದಿಯ ಓರೆ ಅಳಿಸಿಹೋಗಿ, ಕುರ್ಚಿಯ ಗೆರೆಯೇ ಸತ್ತುಹೋಗಿರುತ್ತದೆ. ಅದನ್ನು ಯಾರೂ ಮರಳಿ ತರಲಾರರು. ಮೆತ್ತೆ, ಚರ್ಮ ಹೊಸದಾಗಿದ್ದರೆ ಚಿಂತೆ ಬೇಡ, ಮೂಲದ್ದು ಉಳಿದಿರುವುದೇ ಅಪರೂಪ. ಬೆನ್ನನ್ನು ಹಿಂದೆ ಮುಂದೆ ಮಾಡುವ ಗೂಟಗಳು ಮೂಲದ್ದೇ ಎಂದು ಮಾತ್ರ ಕೇಳಿ, ಕಳೆದುಹೋಗುವ ಮೊದಲ ಭಾಗ ಅದು.

ಹೊಸದರ ವಿಷಯ: ಎಲ್. ಅಂಡ್ ಜೆ.ಜಿ. ಸ್ಟಿಕ್ಲಿ ಕಂಪನಿ 1989ರಲ್ಲಿ ಹಳೆಯ ಮಾದರಿಗಳನ್ನು ಮತ್ತೆ ತಯಾರಿಸತೊಡಗಿತು. ಅದಕ್ಕೆ ಮುನ್ನ, 1988ರ ಡಿಸೆಂಬರಿನಲ್ಲಿ, ಗುಸ್ತಾವ್ ತನ್ನ ಮನೆಗೇ ಮಾಡಿಸಿದ್ದ ಸೈಡ್‌ಬೋರ್ಡನ್ನು ಗಾಯಕಿ, ನಟಿ ಬಾರ್ಬ್ರಾ ಸ್ಟ್ರೈಸಾಂಡ್ ಕ್ರಿಸ್ಟೀಸ್ ಹರಾಜಿನಲ್ಲಿ 3,63,000 ಡಾಲರಿಗೆ ಕೊಂಡಿದ್ದರು, ಜನರ ಕಣ್ಣು ಈ ಮರದ ಮೇಲೆ ಬಿದ್ದಿತ್ತು. ಮರುತಯಾರಿಯ ಮಾಲು ಗಟ್ಟಿ ಕೆಲಸದ್ದೇ, ಗುರುತೂ ಇರುತ್ತದೆ. ಗುರುತು ಕಿತ್ತು ಹಾಕಿದ್ದರೆ ಅಲ್ಲಿ ಉಜ್ಜಿದ ಕಲೆಯೋ, ತುಂಬಿದ ತೂತೋ ಉಳಿದಿರುತ್ತದೆ. ಸೀಟಿನ ಚೌಕಟ್ಟಿನ ಒಳಮೈ ನೋಡಿ. ನೂರು ವರ್ಷದ ಓಕ್ ಪಾಲಿಶ್ ಕಾಣದ ಕಡೆ ಒಣಗಿ ಬೂದು ಕಂದಾಗಿ, ಮೂಲೆಮೂಲೆಗೆ ಬೇರೆ ಬೇರೆ ಛಾಯೆಯಲ್ಲಿರುತ್ತದೆ. ಒಳಗೂ ಹೊರಗೂ ಒಂದೇ ಸಮ ಬಣ್ಣ ಇದ್ದರೆ ಹೊಸದು.

ಅಂದ ಹಾಗೆ ಆ ಹೋಟೆಲೇ ಒಂದು ಪಾಠಶಾಲೆ. 1913ರಲ್ಲಿ ತೆರೆದಾಗ ಅಲ್ಲಿನ ತಾಮ್ರದ ದೀಪಗಳು ಈಸ್ಟ್ ಅರೋರಾದ ರಾಯ್‌ಕ್ರಾಫ್ಟ್ ಕಾರ್ಯಾಗಾರದಿಂದ ಬಂದವು. ಷೋಗೆ ಹೋಗುವ ಮುಂಚೆ ಗ್ರೇಟ್ ಹಾಲ್‌ನಲ್ಲಿ ಅವನ್ನು ನಿಧಾನವಾಗಿ ನೋಡಿ. ತಾಮ್ರದ ಹಳೆಯ ಕಂದು ಮೈ ಹೇಗಿರುತ್ತದೆ ಎಂದು ಕಣ್ಣಿಗೆ ಕೂತರೆ, ಷೋದಲ್ಲಿ ಬ್ರಾಸೋ ಹಾಕಿ ತಿಕ್ಕಿದ ಹಿಡಿಕೆ ಕಂಡೊಡನೆ ಗುರುತಾಗುತ್ತದೆ.

ಉತ್ತರ – ಗಾಡಿಹಗ್ಗ

ಚೌಕಾಸಿ, ಸಾಗಣೆ ಎರಡನ್ನೂ ಹೇಳಿ ಮುಗಿಸುತ್ತೇನೆ.

ಷೋ ಶುಕ್ರವಾರ ತೆರೆದು ಭಾನುವಾರ ಮುಚ್ಚುತ್ತದೆ. ಸಮ್ಮೇಳನಕ್ಕೆ ಹೆಸರು ಕೊಡದೆ ಷೋಗೆ ಮಾತ್ರ ಟಿಕೆಟ್ ಕೊಳ್ಳಬಹುದು, ಆ ವರ್ಷದ ಸಮಯ ನೋಡಿಕೊಂಡು ಹೊರಡಿ. ಅಪರೂಪದ ಹೂದಾನಿ ಬೇಕಿದ್ದರೆ ಶುಕ್ರವಾರ ಬಾಗಿಲು ತೆರೆಯುವಾಗಲೇ ಇರಬೇಕು, ಸಣ್ಣ ವಸ್ತು ಮೊದಲ ಗಂಟೆಯಲ್ಲೇ ಕೈ ಬದಲಾಗುತ್ತದೆ. ಸಾಧಾರಣ ಮಾದರಿಯ ಕುರ್ಚಿಗೆ ಭಾನುವಾರ ಮಧ್ಯಾಹ್ನ ವಾಸಿ. ಭಾರದ ಮಾಲನ್ನು ಮತ್ತೆ ಲಾರಿಗೆ ಏರಿಸಿ ಊರಿಗೆ ಒಯ್ಯುವುದು ಯಾವ ಡೀಲರಿಗೂ ಬೇಡದ ಕೆಲಸ. ಮಾಲನ್ನು ಹೀಗಳೆದು ಬೆಲೆ ಇಳಿಸಲು ಹೋಗಬೇಡಿ. ನೀವು ಕಂಡ ಲೋಪವನ್ನು ಒಮ್ಮೆ ತೋರಿಸಿ, ನಿಮ್ಮ ಕೊನೆಯ ಬೆಲೆ ಎಷ್ಟು ಎಂದು ನೇರ ಕೇಳಿ. ಹತ್ತು ಶೇಕಡಾದ ಆಸುಪಾಸು ಇಳಿಯುವುದು ಸಾಮಾನ್ಯ, ಅದಕ್ಕಿಂತ ಹೆಚ್ಚು ಬೇಕಿದ್ದರೆ ಎರಡು ವಸ್ತು ಒಟ್ಟಿಗೆ ಕೊಳ್ಳಿ.

ರಸೀತಿಯಲ್ಲಿ ತಯಾರಕರ ಹೆಸರು, ಮಾದರಿ ಸಂಖ್ಯೆ, ಅಂದಾಜು ಇಸವಿ, ಗೊತ್ತಿರುವ ರಿಪೇರಿಗಳು, ಹಿಂದಿರುಗಿಸುವ ಷರತ್ತು ಎಲ್ಲ ಬರೆಸಿಕೊಳ್ಳಿ. ‘ಓಕ್ ಕುರ್ಚಿ’ ಎಂದಷ್ಟೇ ಬರೆದ ರಸೀತಿ ನಾಳೆ ಯಾವುದಕ್ಕೂ ಬಾರದು.

ಕುರ್ಚಿಯನ್ನು ಇಬ್ಬರು ಸೀಟಿನ ಪಟ್ಟಿ ಹಿಡಿದು ಎತ್ತಬೇಕು. ತೋಳು ಹಿಡಿದರೆ ಹಳೆಯ ಅಂಟು ಬಿಟ್ಟು ಟೆನನ್ ಸಡಿಲವಾಗುತ್ತದೆ. ಮೆತ್ತೆ, ಗೂಟ, ಬೆನ್ನಿನ ಭಾಗ ಬಿಚ್ಚಿ ಬೇರೆ ಕಂಬಳಿಯಲ್ಲಿ ಸುತ್ತಿ. ಗೂಟಗಳು ಜೇಬಿನಲ್ಲಿರಲಿ. ಹಗ್ಗ ಬಿಗಿಯುವಾಗ ಮರಕ್ಕೂ ಹಗ್ಗಕ್ಕೂ ನಡುವೆ ಬಟ್ಟೆ ಮಡಿಸಿಡಿ, ಪ್ಲಾಸ್ಟಿಕ್ ಹಾಳೆ ನೇರ ಮೇಣದ ಮೈಗೆ ತಾಗಬಾರದು. ಹೂದಾನಿಗೆ ಮೊದಲು ಟಿಶ್ಯೂ ಕಾಗದ, ಮೇಲೆ ಗುಳ್ಳೆ ಹಾಳೆ, ಆಮೇಲೆ ಪೆಟ್ಟಿಗೆಯೊಳಗೊಂದು ಪೆಟ್ಟಿಗೆ, ಎರಡರ ನಡುವೆ ಎಲ್ಲ ಕಡೆ ಕನಿಷ್ಠ 2 ಇಂಚು ಮೆತ್ತನೆ ತುಂಬು.

ಫೆಬ್ರವರಿಯ ಚಳಿಯಲ್ಲಿ ರಾತ್ರಿಯೆಲ್ಲ ವ್ಯಾನಿನಲ್ಲಿ ಬಿಡಬೇಡಿ. ಮನೆಗೆ ಬಂದ ಕೂಡಲೇ ಸುತ್ತು ಬಿಚ್ಚಲೂಬೇಡಿ. ತಣ್ಣಗಿನ ಮೈ ಮೇಲೆ ಕೋಣೆಯ ತೇವ ಹನಿಗಟ್ಟಿದರೆ ಶೆಲ್ಯಾಕ್ ಬಿಳುಚುತ್ತದೆ. ಕಂಬಳಿ ಸುತ್ತಿದಂತೆಯೇ ಹೀಟರಿನಿಂದ ದೂರ ಅರ್ಧ ದಿನ ಇಟ್ಟು, ಆಮೇಲೆ ಬಿಚ್ಚಿ.