ಸಹಾಯ ಬೇಕು: ಕ್ರಿಸ್ಮಸ್ ಊಟದ ಟೇಬಲ್‌ಗೆ ಬಾಡದ ಎಲೆ ಯಾವುದು?

ನಾವಿರುವುದು ಮುಂಬೈನ ಸಾಂತಾಕ್ರೂಜ್‌ನಲ್ಲಿ. 24ರ ರಾತ್ರಿ ಚರ್ಚ್‌ನಲ್ಲಿ ಬಲಿಪೂಜೆ (ಮಾಸ್) ಮುಗಿಸಿ ಬರುವ ನೆಂಟರಿಗೆ ನಮ್ಮನೆಯಲ್ಲೇ ಊಟ. ಟೇಬಲ್ ಮೇಲೆ ಪ್ಲಾಸ್ಟಿಕ್ ಬೇಡ, ಎಲೆ, ಹಣ್ಣು, ಚಕ್ಕೆಯಲ್ಲೇ ಅಲಂಕಾರ ಆಗಬೇಕು ಅಂತ ಆಸೆ.

ದಾದರ್ ಹೂವಿನ ಮಾರ್ಕೆಟ್‌ನಿಂದ ಫರ್ನ್ ತಂದು ನೋಡಿದೆ. ಫ್ಯಾನ್ ಕೆಳಗೆ ಸಂಜೆಯೊಳಗೆ ತುದಿಯೆಲ್ಲ ಸುರುಟಿಕೊಂಡಿತು. ಗಾಳಿ ಮರದ ಕೊಂಬೆ ಚೆಂದವೇ, ಆದರೆ ಸುಮ್ನೆ ಮುಟ್ಟಿದರೂ ಸೂಜಿಯಂಥ ಎಲೆ ತಟ್ಟೆಗೇ ಉದುರುತ್ತದೆ. ಒಣಗಿಸಿದ ಕಿತ್ತಳೆ ಬಿಲ್ಲೆ ಮೆತ್ತಗಾಗಿ ಇರುವೆ ಮುತ್ತಿದವು. ಮಾವಿನೆಲೆ ಬೇಗ ಬಾಡುವುದಿಲ್ಲ, ಸರಿ. ಆದರೆ ಯುಗಾದಿ ಥರ ಕಾಣುತ್ತೆ ಅಂತ ಮಗಳ ತಕರಾರು! ಕಣಗಿಲೆ ವಿಷ, ಊಟದ ಹತ್ತಿರ ಬೇಡವೇ ಬೇಡ.

ಮಧ್ಯಾಹ್ನ ಜೋಡಿಸಿದರೆ ನೀರಿಲ್ಲದೆ ಮಧ್ಯರಾತ್ರಿವರೆಗೂ ಬಾಡದ, ಉದುರದ ಎಲೆ ಯಾವುದು? ಮುಂಬೈನಲ್ಲಿ ಎಲ್ಲಿ ಸಿಗುತ್ತದೆ?