ತಂದೆತಾಯಿಯರೊಂದಿಗೆ ಇಸ್ತಾಂಬುಲ್: ಸುತ್ತಾಟ, ಸಸ್ಯಾಹಾರ, ಖರೀದಿ – ಅನುಭವ ಹಂಚಿಕೆ

ಪ್ರಶ್ನೆ – ಮೈಸೂರಿನಿಂದ

ಬರುವ ಏಪ್ರಿಲ್ ಎರಡನೆಯ ವಾರದಲ್ಲಿ ತಂದೆತಾಯಿಯರನ್ನು ಕರೆದುಕೊಂಡು ಇಸ್ತಾಂಬುಲ್‌ಗೆ ಹೋಗುತ್ತಿದ್ದೇನೆ. ಅಲ್ಲಿ ಐದು ದಿನ ತಂಗುವ ಯೋಚನೆಯಿದೆ. ತಾಯಿಯವರಿಗೆ ಮೊಣಕಾಲು ನೋವಿರುವುದರಿಂದ ಮೆಟ್ಟಿಲು ಹತ್ತಿಳಿಯುವುದು ಕಷ್ಟ. ಇಬ್ಬರೂ ಕಟ್ಟಾ ಸಸ್ಯಾಹಾರಿಗಳು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಪ್ರವಾಸ ಸಂಸ್ಥೆಯ ಗುಂಪಿನೊಂದಿಗೆ ಓಡಾಡುವ ಮನಸ್ಸಿಲ್ಲ. ಯಾವುದನ್ನು ಯಾವ ಕ್ರಮದಲ್ಲಿ ನೋಡಬೇಕು, ಊಟಕ್ಕೆ ಏನು ಸಿಗುತ್ತದೆ, ಏನನ್ನು ಕೊಳ್ಳಬಹುದು ಎಂಬುದನ್ನು ಹೋಗಿಬಂದವರು ತಿಳಿಸಿದರೆ ಉಪಕಾರವಾಗುತ್ತದೆ.

ಬೆಂಗಳೂರಿನಿಂದ

ನಾನು ಅತ್ತೆ ಮಾವನವರೊಂದಿಗೆ ಹೋಗಿದ್ದೆ, ಆದ್ದರಿಂದ ನಿಮ್ಮ ಚಿಂತೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಎಲ್ಲಕ್ಕಿಂತ ಮೊದಲು ವಸತಿಯ ಬಗ್ಗೆ ಹೇಳುತ್ತೇನೆ. ಇಸ್ತಾಂಬುಲ್ ಗುಡ್ಡಗಳ ಮೇಲೆ ಹಬ್ಬಿರುವ ಊರು. ಹಳೆಯ ಬೀದಿಗಳಿಗೆ ಕಲ್ಲು ಹಾಸಿದ್ದಾರೆ, ಏರಿಳಿತ ಬಹಳ. ನಕ್ಷೆಯಲ್ಲಿ ಕೂಗಳತೆಯ ದೂರವೆಂದು ಕಾಣುವ ಹೋಟೆಲು ವಾಸ್ತವದಲ್ಲಿ ಕಡಿದಾದ ಏರಿನ ತುದಿಯಲ್ಲಿರಬಹುದು. ಟಿ1 ಟ್ರಾಮ್ ಮಾರ್ಗದ ಸುಲ್ತಾನಹ್ಮೆತ್, ಗುಲ್ಹಾನೆ ಅಥವಾ ಸಿರ್ಕೆಜಿ ನಿಲ್ದಾಣಗಳ ಪಕ್ಕದಲ್ಲಿಯೇ ಕೋಣೆ ಹಿಡಿದರೆ ಮುಖ್ಯವಾದ ಸ್ಥಳಗಳೂ ಹಡಗುಕಟ್ಟೆಯೂ ಹತ್ತಿರವಾಗುತ್ತವೆ. ನಿಲ್ದಾಣದ ಯಂತ್ರದಲ್ಲಿಯೇ ಇಸ್ತಾಂಬುಲ್ ಕಾರ್ಡ್ ದೊರೆಯುತ್ತದೆ; ಟ್ರಾಮ್, ಮೆಟ್ರೊ, ಬಸ್ಸು, ಹಡಗು ಎಲ್ಲಕ್ಕೂ ಅದೊಂದೇ ಸಾಕು.

ಹಾಗಿಯಾ ಸೋಫಿಯಾವನ್ನು ಮೊದಲ ದಿನ ಬೆಳಿಗ್ಗೆಯೇ ನೋಡಿ. ಚಕ್ರವರ್ತಿ ಜಸ್ಟಿನಿಯನ್‌ನ ಕಾಲದಲ್ಲಿ, 537ರಲ್ಲಿ ಪೂರ್ಣಗೊಂಡ ಈ ಇಗರ್ಜಿ 1453ರಲ್ಲಿ ಮಸೀದಿಯಾಯಿತು, 1935ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದುಕೊಂಡಿತು, 2020ರಲ್ಲಿ ಮರಳಿ ಮಸೀದಿಯಾಯಿತು. 2024ರಿಂದ ಕೆಳಗಿನ ಅಂಗಣವನ್ನು ಪ್ರಾರ್ಥನೆಗೆ ಬರುವವರಿಗಾಗಿ ಮೀಸಲಿಟ್ಟು, ವಿದೇಶಿ ಪ್ರವಾಸಿಗರನ್ನು ಶುಲ್ಕ ಪಡೆದು ಮೇಲಿನ ಮೊಗಸಾಲೆಗೆ ಮಾತ್ರ ಬಿಡುತ್ತಾರೆ. ಆ ಮೊಗಸಾಲೆಗೆ ಏರುವ ಹಳೆಯ ದಾರಿ ಮೆಟ್ಟಿಲಲ್ಲ, ತಿರುಗುತ್ತಾ ಸಾಗುವ ಕಲ್ಲಿನ ಇಳಿಜಾರು. ನಮ್ಮ ಅತ್ತೆಯವರು ಗೋಡೆಗೆ ಕೈಯಿಟ್ಟು ನಿಧಾನವಾಗಿ ನಡೆದು ಮೇಲೆ ಬಂದರು. ಆದರೆ ಕಲ್ಲುಗಳು ಸವೆದು ಏರುಪೇರಾಗಿವೆ, ಒಬ್ಬರು ಜೊತೆಯಲ್ಲಿ ಕೈಹಿಡಿದಿರಲೇಬೇಕು. ಮೇಲೆ ದಕ್ಷಿಣದ ಬದಿಯಲ್ಲಿ ಕ್ರಿಸ್ತ, ಮೇರಿ ಮತ್ತು ಸ್ನಾನಿಕ ಯೋಹಾನರಿರುವ ಮೊಸಾಯಿಕ್, ಎಂದರೆ ಬಣ್ಣದ ಪುಟ್ಟ ತುಣುಕುಗಳನ್ನು ಜೋಡಿಸಿ ಮಾಡಿದ, ಚಿತ್ರವಿದೆ. ಅದರ ಕೆಳಭಾಗ ಬಹುಮಟ್ಟಿಗೆ ಅಳಿದುಹೋಗಿದ್ದರೂ ಉಳಿದಿರುವ ಮುಖಗಳ ಭಾವವನ್ನು ನೋಡಲೆಂದೇ ಆ ಏರನ್ನು ಹತ್ತಬಹುದು.

ಎದುರಿಗಿರುವ ನೀಲಿ ಮಸೀದಿಗೆ, ಎಂದರೆ ಆರು ಮಿನಾರುಗಳ ಸುಲ್ತಾನ್ ಅಹ್ಮದ್ ಮಸೀದಿಗೆ, ಪ್ರವೇಶ ಉಚಿತ. ನಮಾಜಿನ ವೇಳೆಯಲ್ಲಿ ಪ್ರವಾಸಿಗರನ್ನು ಬಿಡುವುದಿಲ್ಲ, ಶುಕ್ರವಾರವಂತೂ ಮಧ್ಯಾಹ್ನದ ಪ್ರಾರ್ಥನೆ ಮುಗಿಯುವವರೆಗೆ ಕಾಯಬೇಕು. ತಾಯಿಯವರ ಚೀಲದಲ್ಲಿ ತಲೆಗೆ ಹೊದೆಯುವ ಒಂದು ವಸ್ತ್ರವೂ ಎಲ್ಲರಿಗೂ ಸುಲಭವಾಗಿ ಕಳಚುವ ಚಪ್ಪಲಿಯೂ ಇರಲಿ. ತೋಪ್‌ಕಾಪಿ ಅರಮನೆ ಮಂಗಳವಾರ ಮುಚ್ಚಿರುತ್ತದೆ ಎಂಬುದನ್ನು ಗಮನದಲ್ಲಿಟ್ಟು ದಿನಗಳನ್ನು ಹೊಂದಿಸಿಕೊಳ್ಳಿ. ಅಂಗಳದಿಂದ ಅಂಗಳಕ್ಕೆ ನಡೆಯುವ ದೂರ ಹೆಚ್ಚು, ಆದ್ದರಿಂದ ಆ ದಿನ ಬೇರೇನನ್ನೂ ಸೇರಿಸಬೇಡಿ. ನೆಲದಡಿಯ ಬೆಸಿಲಿಕಾ ಜಲಾಶಯ ಅಪೂರ್ವವಾದುದು. 6ನೆಯ ಶತಮಾನದ ಆ ನೀರಿನ ಕಣಜವನ್ನು 336 ಕಂಬಗಳು ಹೊತ್ತು ನಿಂತಿವೆ. ಆದರೆ ಅಲ್ಲಿಗೆ ಸಾಕಷ್ಟು ಮೆಟ್ಟಿಲುಗಳನ್ನು ಇಳಿಯಬೇಕು. ನೀವು ಮತ್ತು ತಂದೆಯವರು ನೋಡಿ ಬರುವಷ್ಟು ಹೊತ್ತು ತಾಯಿಯವರು ಹತ್ತಿರದ ಚಹಾದಂಗಡಿಯಲ್ಲಿ ಕುಳಿತಿರಬಹುದು.

ಇನ್ನು ನಾನು ಒತ್ತಿ ಹೇಳಬೇಕೆಂದಿರುವ ಮಾತು ಇದು. ಸಂಜೆಗಳನ್ನೆಲ್ಲ ಹಡಗಿಗೆ ಮೀಸಲಿಡಿ. ಪ್ರವಾಸಿಗರಿಗೆಂದೇ ಓಡಿಸುವ, ದಾರಿಯಲ್ಲಿ ನಿಂತು ಕೂಗಿ ಕರೆಯುವ ದೋಣಿಗಳಲ್ಲ. ಊರಿನ ಜನ ಕೆಲಸ ಮುಗಿಸಿ ಮನೆಗೆ ಹೋಗಲು ಹತ್ತುವ ಸಾರ್ವಜನಿಕ ಹಡಗುಗಳು. ಎಮಿನೋನು ಕಟ್ಟೆಯಿಂದ ಏಷ್ಯಾ ಖಂಡದ ಬದಿಯಲ್ಲಿರುವ ಕಾದಿಕೋಯ್‌ಗೋ ಉಸ್ಕುದಾರ್‌ಗೋ ಸುಮಾರು ಇಪ್ಪತ್ತು ನಿಮಿಷದ ಪಯಣ, ಬಸ್ಸಿನಂತೆಯೇ ಕಾರ್ಡ್ ಒತ್ತಿ ಹತ್ತಬಹುದು. ಮೊಣಕಾಲು ನೋಯುವವರಿಗೆ ಕುಳಿತಲ್ಲಿಯೇ ಇಡೀ ನಗರ ಕಾಣುತ್ತದೆ: ಒಂದು ಕಡೆ ತೋಪ್‌ಕಾಪಿಯ ತುದಿ, ಇನ್ನೊಂದು ಕಡೆ ಗಲಾಟಾ ಗೋಪುರ, ಗುಡ್ಡದ ನೆತ್ತಿಯ ಮೇಲೆ ವಾಸ್ತುಶಿಲ್ಪಿ ಸಿನಾನ್ ಕಟ್ಟಿದ ಸುಲೇಮಾನಿಯೆ ಮಸೀದಿ. ಹಡಗಿನಲ್ಲಿಯೇ ಚಹಾ ಮಾರುತ್ತಾರೆ. ಗಲಾಟಾ ಗೋಪುರದ ಮುಂದೆ ಸರದಿಯಲ್ಲಿ ನಿಲ್ಲುವ ಹೊತ್ತನ್ನು ಇದಕ್ಕೆ ಕೊಟ್ಟರೆ ನಷ್ಟವೇನೂ ಇಲ್ಲ. ಆ ಗೋಪುರದಲ್ಲಿ ಲಿಫ್ಟ್ ಇದ್ದರೂ ಕೊನೆಯ ಹಂತಕ್ಕೆ ಮೆಟ್ಟಿಲುಗಳೇ ಗತಿ.

ಫ್ರಾಂಕ್‌ಫರ್ಟ್‌ನಿಂದ

ಜರ್ಮನಿಯಲ್ಲಿ ತುರ್ಕಿ ಮೂಲದ ನೆರೆಹೊರೆಯವರ ನಡುವೆ ಇರುವ ನಮಗೆ ಆ ಅಡುಗೆ ಪರಿಚಿತ. ರಜೆಯಲ್ಲಿ ಇಸ್ತಾಂಬುಲ್‌ಗೂ ಹೋಗಿಬರುತ್ತೇವೆ. ನಮ್ಮ ಮನೆಯಲ್ಲಿಯೂ ಮಾಂಸ, ಮೊಟ್ಟೆ ತಿನ್ನುವುದಿಲ್ಲ, ಆದ್ದರಿಂದ ಊಟದ ಬಗ್ಗೆ ನಾನು ವಿವರವಾಗಿ ಬರೆಯುತ್ತೇನೆ. ಕಬಾಬಿನ ಊರಿನಲ್ಲಿ ಹಸಿದಿರಬೇಕಾದೀತು ಎಂಬ ಭಯ ಬೇಡ.

'ಜೈತಿನ್‌ಯಾಲಿ' ಎಂಬ ಶೀರ್ಷಿಕೆಯ ಕೆಳಗಿರುವ ಪದಾರ್ಥಗಳನ್ನು ಹುಡುಕಿ. ಇವು ಆಲಿವ್ ಎಣ್ಣೆಯಲ್ಲಿ ಬೇಯಿಸಿ ಆರಿಸಿ ಬಡಿಸುವ ತರಕಾರಿಗಳು. ಹುರುಳಿಕಾಯಿ, ಆರ್ಟಿಚೋಕ್, ಈರುಳ್ಳಿ ಟೊಮೇಟೊ ತುಂಬಿದ ಬದನೆಕಾಯಿ, ಅನ್ನ ಸುತ್ತಿದ ದ್ರಾಕ್ಷಿ ಎಲೆ, ಹೀಗೆ ಬಗೆಬಗೆಯವು ಇರುತ್ತವೆ. ಇವುಗಳಿಗೆ ವಾಡಿಕೆಯಂತೆ ಮಾಂಸ ಹಾಕುವುದಿಲ್ಲ. ಅದೇ ದ್ರಾಕ್ಷಿ ಎಲೆಯ ಸುರುಳಿಯನ್ನು ಬಿಸಿಯಾಗಿ, ಮೇಲೆ ಮೊಸರು ಹಾಕಿ ಕೊಟ್ಟರೆ ಒಳಗೆ ಕೊಚ್ಚಿದ ಮಾಂಸವಿರುವ ಸಂಭವ ಹೆಚ್ಚು. ಮಧ್ಯಾಹ್ನದ ಊಟಕ್ಕೆ 'ಲೊಕಾಂತಾ' ಎಂದು ಬರೆದಿರುವ ಸಾಧಾರಣ ಊಟದ ಮನೆಗಳಿಗೆ ಹೋಗಿ. ಅಲ್ಲಿ ಪದಾರ್ಥಗಳು ಕಣ್ಣೆದುರಿಗೇ ಇರುತ್ತವೆ, ಬೆರಳು ತೋರಿಸಿ ಕೇಳಿ ಬಡಿಸಿಕೊಳ್ಳಬಹುದು.

ಎಚ್ಚರ ವಹಿಸಬೇಕಾದ ಕೆಲವು ಸಂಗತಿಗಳಿವೆ. ಬೇಳೆಯ ಸೂಪು, 'ಮೆರ್ಜಿಮೆಕ್', ಎಲ್ಲೆಡೆ ಸಿಗುತ್ತದೆ, ನಮ್ಮವರ ನಾಲಿಗೆಗೂ ಹಿಡಿಸುತ್ತದೆ. ಆದರೆ ಅನೇಕ ಕಡೆ ಅದನ್ನು ಮೂಳೆ ಬೇಯಿಸಿದ ನೀರಿನಲ್ಲಿ ಮಾಡುತ್ತಾರೆ, ಅನ್ನವನ್ನೂ ಕೆಲವೆಡೆ ಕೋಳಿಯ ನೀರಿನಲ್ಲಿ ಬೇಯಿಸುತ್ತಾರೆ. "ಎತ್ ಸುಯು ವಾರ್ ಮಿ?" ಎಂದು ಕೇಳಿದರೆ ಮಾಂಸದ ನೀರು ಇದೆಯೇ ಎಂಬುದನ್ನು ಪ್ರಾಮಾಣಿಕವಾಗಿ ಹೇಳುತ್ತಾರೆ, ಇದನ್ನು ತುರ್ಕಿ ಭಾಷೆಯಲ್ಲಿ ಒಂದು ಚೀಟಿಯ ಮೇಲೆ ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಸುಲೇಮಾನಿಯೆ ಮಸೀದಿಯ ಎದುರಿನ ಸಾಲಿನಲ್ಲಿರುವ ಹುರುಳಿಬೀಜದ ಪಲ್ಯದ ಅಂಗಡಿಗಳಲ್ಲಿಯೂ ಇದೇ ಪ್ರಶ್ನೆ ಕೇಳಿಯೇ ತಿನ್ನಿ. ಸಿಹಿಯ ವಿಷಯದಲ್ಲಿ ಬಹಳ ಜನರಿಗೆ ತಿಳಿಯದ ಒಂದು ವಿಷಯವಿದೆ. 'ತಾವುಕ್ ಗೋಗ್ಸು' ಎಂಬ ಬಿಳಿಯ ಹಾಲಿನ ಸಿಹಿಯಲ್ಲಿ ಕೋಳಿಯ ಎದೆಮಾಂಸವನ್ನು ಎಳೆಎಳೆಯಾಗಿ ಬಿಡಿಸಿ ಬೆರೆಸಿರುತ್ತಾರೆ. ಅದರ ತಳ ಸೀಯಿಸಿ ಮಾಡುವ 'ಕಜಾನ್‌ದಿಬಿ' ಕೂಡ ಮೂಲತಃ ಅದೇ ಬಗೆಯದು. ನೋಡಲು ಪಾಯಸದ ಹಾಗಿರುವುದರಿಂದ ಹಿರಿಯರು ಆಸೆಯಿಂದ ಕೈಹಾಕುತ್ತಾರೆ, ದಯವಿಟ್ಟು ಮೊದಲೇ ತಿಳಿಸಿಬಿಡಿ. ಅಕ್ಕಿ ಹಾಲಿನ 'ಸುತ್ಲಾಚ್' ನಿರಪಾಯ, ಆದರೂ ಮೊಟ್ಟೆ ಹಾಕಿಲ್ಲವೇ ಎಂದು ಕೇಳಿಕೊಳ್ಳಿ. ಲೊಕುಮ್ ಸಕ್ಕರೆ ಮತ್ತು ಪಿಷ್ಟದಿಂದ ಮಾಡುವ ತಿನಿಸಾದ್ದರಿಂದ ಸಾಮಾನ್ಯವಾಗಿ ಪ್ರಾಣಿಮೂಲದ ಜೆಲಟಿನ್ ಇರುವುದಿಲ್ಲ.

ಬೀದಿಯಲ್ಲಿ ಎಳ್ಳು ಮೆತ್ತಿದ ಬಳೆಯಾಕಾರದ ಸಿಮಿತ್, ಆಲೂಗಡ್ಡೆ ಅಥವಾ ಪಾಲಕ್ ತುಂಬಿ ಹಂಚಿನ ಮೇಲೆ ಸುಡುವ ಗೋಜ್ಲೆಮೆ, ಒರ್ತಾಕೋಯ್ ಕಟ್ಟೆಯ ಬಳಿ ಬೆಣ್ಣೆ ಚೀಸ್ ಕಲಸಿ ಕೊಡುವ ದೊಡ್ಡ ಆಲೂಗಡ್ಡೆ ಕುಂಪಿರ್ ಸಿಗುತ್ತವೆ. 'ಚಿ ಕೋಫ್ತೆ' ಎಂಬ ಫಲಕದ ಅಂಗಡಿಗಳನ್ನು ಹೆಸರು ನೋಡಿ ಬಿಟ್ಟುಬಿಡಬೇಡಿ. ಮೊದಲು ಹಸಿಮಾಂಸದಿಂದ ಮಾಡುತ್ತಿದ್ದರೂ ಈಗ ಅಂಗಡಿಗಳಲ್ಲಿ ಮಾರುವುದು ಗೋಧಿನುಚ್ಚು, ಖಾರ, ಟೊಮೇಟೊ ಸೇರಿಸಿ ನಾದಿದ ಸಸ್ಯಾಹಾರವೇ. ಖಾರ ತಿಂದು ರೂಢಿಯಿರುವವರಿಗೆ ಅದು ಹಬ್ಬ. ಜೊತೆಗೆ ಒಂದು ಲೋಟ ಅಯ್ರಾನ್ ತೆಗೆದುಕೊಳ್ಳಿ, ಒಗ್ಗರಣೆಯಿಲ್ಲದ ಗಟ್ಟಿ ಮಜ್ಜಿಗೆಯಂತಿರುತ್ತದೆ.

ವಿಜಯಪುರದಿಂದ

ಖರೀದಿಯ ಬಗ್ಗೆ ಮಾತ್ರ ಬರೆಯುತ್ತೇನೆ. ಎಮಿನೋನುವಿನ ಮಸಾಲೆ ಪೇಟೆಯಲ್ಲಿ ರಾಶಿ ಹಾಕಿ 'ತುರ್ಕಿ ಕೇಸರಿ' ಎಂದು ಅಗ್ಗವಾಗಿ ಮಾರುವುದನ್ನು ನೋಡುತ್ತೀರಿ. ಹತ್ತಿರ ಹೋಗಿ ನೋಡಿದರೆ ನಮ್ಮ ಭಾಗದ ರೈತರಿಗೆ ತಕ್ಷಣ ತಿಳಿಯುತ್ತದೆ: ಅದು ಕುಸುಬೆಯ ಹೂವಿನ ಎಸಳು. ಜೋಳ, ಕಡಲೆಯ ಜೊತೆಗೆ ಹಿಂಗಾರಿಯಲ್ಲಿ ಕುಸುಬೆ ಬೆಳೆಯುವ ಮನೆತನದವನಾದ ನನಗೆ ಅದನ್ನು ಕೇಸರಿಯೆಂದು ಕೊಂಡು ಜೋಪಾನವಾಗಿ ಕಟ್ಟಿಸಿಕೊಳ್ಳುತ್ತಿದ್ದವರನ್ನು ಕಂಡು ಸಂಕಟವಾಯಿತು. ನಿಜವಾದ ಕೇಸರಿ ಗ್ರಾಂ ಲೆಕ್ಕದಲ್ಲಿ, ಮುಚ್ಚಿದ ಪುಟ್ಟ ಡಬ್ಬಿಯಲ್ಲಿ ಇರುತ್ತದೆ. ಅದರ ಎಳೆಯ ಒಂದು ತುದಿ ಕಹಳೆಯಂತೆ ಅಗಲವಾಗಿರುತ್ತದೆ. ಮಸಾಲೆ ಪೇಟೆಯಲ್ಲಿ ಒಣ ಅಂಜೂರ, ಪಿಸ್ತಾ, ಸುಮಾಕ್ ಎಂಬ ಹುಳಿ ಮಸಾಲೆಯ ಪುಡಿ, ಕಿತ್ತಳೆ ಚಹಾಪುಡಿಗಳನ್ನು ಕೊಳ್ಳಬಹುದು. ಪೇಟೆಯ ಒಳಗಿಗಿಂತ ಹೊರಗಿನ ಓಣಿಗಳಲ್ಲಿ ಬೆಲೆ ಕಡಿಮೆ, ಕೊಳ್ಳುವವರೂ ಬಹುಪಾಲು ಊರಿನವರೇ. ಪಕ್ಕದಲ್ಲಿಯೇ 1871ರಿಂದ ನಡೆಯುತ್ತಿರುವ ಕುರುಕಹ್ವೆಜಿ ಮೆಹ್ಮೆತ್ ಎಫೆಂದಿ ಕಾಫಿಪುಡಿಯ ಅಂಗಡಿಯಿದೆ. ಸರದಿ ಉದ್ದವಿದ್ದರೂ ಬೇಗ ಸಾಗುತ್ತದೆ.

ದೊಡ್ಡ ಮುಚ್ಚುಪೇಟೆ, ಗ್ರ್ಯಾಂಡ್ ಬಜಾರ್, ಭಾನುವಾರ ತೆರೆಯುವುದಿಲ್ಲ. ಅಲ್ಲಿ ಮೊದಲು ಹೇಳಿದ ಬೆಲೆಗೆ ಯಾರೂ ಕೊಳ್ಳುವುದಿಲ್ಲ, ಸಮಾಧಾನದಿಂದ ಚೌಕಾಸಿ ಮಾಡಿ. ಚಹಾ ತರಿಸಿದರೆಂಬ ದಾಕ್ಷಿಣ್ಯಕ್ಕೆ ಒಳಗಾಗಿ ಕೊಳ್ಳಬೇಕಾಗಿಲ್ಲ. ನಮ್ಮ ಜೊತೆಯವರೊಬ್ಬರಿಗೆ ಒಂದು ಅಂಗಡಿಯವರು ರೇಷ್ಮೆಯೆಂದು ಹೇಳಿ ಕೃತಕ ನೂಲಿನ ಶಾಲು ಕೊಟ್ಟಿದ್ದರು. ಬೆಲೆಬಾಳುವ ಜಮಖಾನೆ, ಶಾಲುಗಳ ವಿಷಯದಲ್ಲಿ ವಸ್ತುವಿನ ವಿವರ ಬರೆದ ರಸೀದಿ ಪಡೆಯುವುದು ಕ್ಷೇಮ. ಪುರಾತನವೆಂದು ಹೇಳುವ ನಾಣ್ಯ, ಹಳೆಯ ಪಾತ್ರೆಗಳನ್ನು ಮುಟ್ಟಲೇಬೇಡಿ. ಪ್ರಾಚೀನ ವಸ್ತುಗಳನ್ನು ಅನುಮತಿಯಿಲ್ಲದೆ ದೇಶದಿಂದ ಹೊರಗೆ ಒಯ್ಯುವುದು ಅಲ್ಲಿ ಗಂಭೀರ ಅಪರಾಧ. ಹಣವನ್ನು ವಿಮಾನ ನಿಲ್ದಾಣದಲ್ಲಿ ಸ್ವಲ್ಪ ಮಾತ್ರ ಬದಲಿಸಿ, ಉಳಿದುದನ್ನು ಈ ಪೇಟೆಯ ಸುತ್ತಲಿನ 'ದೋವಿಜ್' ಅಂಗಡಿಗಳಲ್ಲಿ ಬದಲಿಸಿ.

ಶಿವಮೊಗ್ಗದಿಂದ

ಮೇಲೆ ಯಾರೂ ಹೇಳದ ಒಂದು ಜಾಗವನ್ನು ಸೇರಿಸುತ್ತೇನೆ: ಎದಿರ್ನೆಕಾಪಿ ಬಳಿಯ ಕಾರಿಯೆ, ಹಿಂದಿನ ಖೋರಾ ಇಗರ್ಜಿ. 2024ರಲ್ಲಿ ಮಸೀದಿಯಾಗಿ ಮತ್ತೆ ತೆರೆದಿದೆ, ಪ್ರವಾಸಿಗರಿಗೆ ಪ್ರವೇಶ ಶುಲ್ಕವಿದೆ. 14ನೆಯ ಶತಮಾನದ ಮೊಸಾಯಿಕ್ ಹಾಗೂ ಭಿತ್ತಿಚಿತ್ರಗಳು ಚಾವಣಿಯ ತುಂಬ ಇವೆ. ಕಟ್ಟಡ ಚಿಕ್ಕದು, ಮಹಡಿ ಹತ್ತುವ ಕೆಲಸವಿಲ್ಲ, ಆದ್ದರಿಂದ ನಿಮ್ಮ ತಾಯಿಯವರಿಗೆ ಹಾಗಿಯಾ ಸೋಫಿಯಾಕ್ಕಿಂತಲೂ ಇದೇ ಹೆಚ್ಚು ಅನುಕೂಲವೆಂದು ನನ್ನ ಅಭಿಪ್ರಾಯ. ಬಾಡಿಗೆ ಕಾರಿನಲ್ಲಿ ಹೋಗುವುದಾದರೆ ಮೀಟರ್ ಹಾಕಿಸಿಯೇ ಹೊರಡಿ.

ಮೈಸೂರಿನಿಂದ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ತೋಪ್‌ಕಾಪಿಗೆ ಬುಧವಾರವನ್ನೂ ಕಾರಿಯೆಗೆ ಗುರುವಾರವನ್ನೂ ಗೊತ್ತುಮಾಡಿಕೊಂಡೆ. ಏಪ್ರಿಲ್‌ನಲ್ಲಿ ಟ್ಯೂಲಿಪ್ ಹೂಗಳನ್ನು ನೋಡಲು ತಂದೆಯವರಿಗೆ ಬಹಳ ಆಸೆ. ಅದಕ್ಕೆ ದೂರ ಹೋಗಬೇಕೇ?

ಬೆಂಗಳೂರಿನಿಂದ

ಬಾಸ್ಫರಸ್ ಜಲಸಂಧಿಯ ದಂಡೆಯ ಎಮಿರ್ಗಾನ್ ಉದ್ಯಾನ ಇದಕ್ಕೆ ಹೆಸರುವಾಸಿ, ಆದರೆ ದೂರವಿದೆ, ಒಳಗೆ ಏರುತಗ್ಗುಗಳೂ ಇವೆ. ತೋಪ್‌ಕಾಪಿಯ ಗೋಡೆಗೆ ತಾಗಿಕೊಂಡಿರುವ ಗುಲ್ಹಾನೆ ಉದ್ಯಾನದಲ್ಲಿಯೂ ಆ ತಿಂಗಳು ಪಾತಿ ಪಾತಿಯಾಗಿ ಟ್ಯೂಲಿಪ್ ಅರಳಿರುತ್ತದೆ. ಪ್ರವೇಶಕ್ಕೆ ಶುಲ್ಕವಿಲ್ಲ, ಕುಳಿತುಕೊಳ್ಳಲು ಬೆಂಚುಗಳಿವೆ, ಬಾಗಿಲಿನ ಎದುರಿಗೇ ಟ್ರಾಮ್ ನಿಲ್ಲುತ್ತದೆ. ಬುಧವಾರ ಅರಮನೆ ನೋಡಿ ಮುಗಿಸಿದ ಮೇಲೆ ನೇರವಾಗಿ ಅಲ್ಲಿಗೆ ಇಳಿದು ಬನ್ನಿ.