ಹದಿನಾಲ್ಕನೇ ಸಾಲಿನ ವಿಮ್

(ಸಹಪಾಠಿಗಳ ಗುಂಪಿನಲ್ಲಿ ಹಂಚಿದ ಕಡತ: ಪುಟ್ಟ ಲಿನಕ್ಸ್, ಪ್ಯಾಕೇಜ್ ಪಟ್ಟಿ, ಮೂರನೇ ಕರಡು)

ಲ್ಯಾಬ್ ಕೀಲಿ: ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಯ ಅತಿ ಚಿಕ್ಕ ತಳಹದಿಯ ಮೇಲೆ ನನ್ನದೇ ಪುಟ್ಟ ಲಿನಕ್ಸ್ ಕಟ್ಟುತ್ತಿದ್ದೇನೆ. ಚಿತ್ರಾತ್ಮಕ ಪರದೆ ಇಲ್ಲ, ಪ್ರಿಂಟರ್ ಇಲ್ಲ, ಕೈಪಿಡಿ ಪುಟಗಳೂ ಇಲ್ಲ. ಹಳೆಯ ಯಂತ್ರಗಳಲ್ಲಿ, ಸಣ್ಣ ಕಂಪ್ಯೂಟರ್ ಬೋರ್ಡುಗಳಲ್ಲಿ ಓಡಬೇಕು. ಇನ್ನೂ ಏನನ್ನು ಕಿತ್ತುಹಾಕಬಹುದು, ಹೇಳಿ.

ಕೊನೆಯ ಬೆಂಚು: ಕೈಪಿಡಿಯನ್ನೇ ಕಿತ್ತುಹಾಕಿದವನು ಹದಿನಾಲ್ಕನೇ ಸಾಲಿನಲ್ಲಿ ವಿಮ್ ಎಂಬ ಎಡಿಟರನ್ನು (ಕಡತ ತಿದ್ದುವ ಪ್ರೋಗ್ರಾಂ) ಪೂರ್ತಿಯಾಗಿ ಇಟ್ಟುಕೊಂಡಿದ್ದೀಯಲ್ಲ! ಅದರ ರನ್‌ಟೈಮ್ ಕಡತಗಳೇ ಮೂವತ್ತು ಎಂಬಿ ದಾಟುತ್ತವೆ. ನೂರಾರು ಪ್ರೋಗ್ರಾಮಿಂಗ್ ಭಾಷೆಗಳಿಗೆ ಬಣ್ಣ ಹಚ್ಚುವ ಏರ್ಪಾಡು ಆ ಬೋರ್ಡಿಗೆ ಯಾಕೆ?

ಲ್ಯಾಬ್ ಕೀಲಿ: ಎಡಿಟರ್ ಇಲ್ಲದ ವ್ಯವಸ್ಥೆಯನ್ನು ಯಾರಾದರೂ ಬಳಸುತ್ತಾರೆಯೇ?

ಕಂಟೇನರ್ ಅಕ್ಕ: ನಾನು ದಿನವೂ ಬಳಸುತ್ತೇನೆ. ಡಾಕರ್‌ಗಾಗಿ (ಕಂಟೇನರ್, ಅಂದರೆ ಯಂತ್ರದೊಳಗೆ ಪ್ರತ್ಯೇಕವಾಗಿ ಓಡುವ ಪುಟ್ಟ ಪರಿಸರಗಳನ್ನು ನಡೆಸುವ ಸಾಧನ) ಇರುವ ಡೆಬಿಯನ್ ಇಮೇಜಿನಲ್ಲಿ, ಅಂದರೆ ಸಿದ್ಧ ಅಚ್ಚಿನಲ್ಲಿ, ನ್ಯಾನೋ ಎಂಬ ಸರಳ ಎಡಿಟರ್ ಇಲ್ಲ, ವಿಮ್‌ನ ಪೂರ್ವಜ ವಿಐ ಇಲ್ಲ. ಗೂಗಲ್‌ನ ಡಿಸ್ಟ್ರೋಲೆಸ್ ಇಮೇಜುಗಳಲ್ಲಿ ಸಾಮಾನ್ಯವಾಗಿ ಆದೇಶ ಕೊಡಲು ಬೇಕಾದ ಶೆಲ್ ಕೂಡ ಇರುವುದಿಲ್ಲ. ಕಂಟೇನರ್ ಒಳಗೆ ಕುಳಿತು ತಿದ್ದಿದ್ದು ಅದನ್ನು ಹೊಸದಾಗಿ ಎಬ್ಬಿಸಿದಾಗ ಅಳಿದುಹೋಗುತ್ತದೆ. ತಿದ್ದುವುದಿದ್ದರೆ ಮೂಲದಲ್ಲೇ ತಿದ್ದಬೇಕು. ಭದ್ರತೆಯ ಮಾತೂ ಇದೆ. ವಿಮ್ ಒಂದನ್ನೇ ಸುಡೋ (ನಿರ್ವಾಹಕರ ಅಧಿಕಾರದಲ್ಲಿ ಆದೇಶ ನಡೆಸುವ ಸಾಧನ) ಮೂಲಕ ಬಳಸಲು ಯಾರಿಗಾದರೂ ಅನುಮತಿ ಕೊಟ್ಟು ನೋಡು, ಅದರೊಳಗಿನಿಂದಲೇ ಎಲ್ಲ ಅಧಿಕಾರವಿರುವ ರೂಟ್ ಶೆಲ್ ತೆರೆದುಕೊಳ್ಳುತ್ತಾರೆ.

ಕೊನೆಯ ಬೆಂಚು: ಸರಿಯಾದ ಮಾತು. ಬೇಕಾದವರು ಒಂದು ಸಾಲಿನ ಆದೇಶ ಕೊಟ್ಟು ತಮಗಿಷ್ಟವಾದದ್ದನ್ನು ಹಾಕಿಕೊಳ್ಳಲಿ. ಆರ್ಚ್ ಲಿನಕ್ಸ್‌ನವರು 2019ರಲ್ಲಿ ಮೂಲ ಕಟ್ಟಿನಿಂದ ನ್ಯಾನೋ, ವಿಐ ಎರಡನ್ನೂ ಹೊರಗಿಟ್ಟರು. ಆಕಾಶವೇನೂ ಕಳಚಿ ಬೀಳಲಿಲ್ಲ.

ರಾತ್ರಿ ಪಾಳಿ: ಅಕ್ಕನ ಮಾತು ಕಂಟೇನರಿಗೆ ಸರಿ. ಆದರೆ ಇವನು ಕಟ್ಟುತ್ತಿರುವುದು ಕಂಟೇನರ್ ಅಲ್ಲ, ಕೈಯಲ್ಲಿ ಹಿಡಿಯಬಹುದಾದ ಬೋರ್ಡು. ಕೆಟ್ಟ ಕಂಟೇನರನ್ನು ಬಿಸಾಡುತ್ತೇವೆ, ಕೆಟ್ಟ ಬೋರ್ಡನ್ನು ಕೂತು ರಿಪೇರಿ ಮಾಡುತ್ತೇವೆ. ಒಂದು ಸಾಲಿನ ಆದೇಶದಿಂದ ಎಡಿಟರ್ ಬರಬೇಕಾದರೆ ನೆಟ್‌ವರ್ಕ್ ಇರಬೇಕು. ಗೇಟ್‌ವೇ ವಿಳಾಸದಲ್ಲಿ ಒಂದು ಅಂಕಿ ತಪ್ಪಾಗಿ ನೆಟ್‌ವರ್ಕೇ ಏಳದಿದ್ದರೆ? ಆ ಅಂಕಿಯನ್ನು ತಿದ್ದಲು ಎಡಿಟರ್ ಬೇಕು, ಎಡಿಟರ್ ತರಲು ನೆಟ್‌ವರ್ಕ್ ಬೇಕು. ಯಾವ ಡಿಸ್ಕನ್ನು ಎಲ್ಲಿ ಜೋಡಿಸಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಡಿಸ್ಕಿನ ಗುರುತು ತಪ್ಪಾದರೂ ಇದೇ ಪಾಡು: ವ್ಯವಸ್ಥೆಯನ್ನು ಎಬ್ಬಿಸುವ ಸಿಸ್ಟಮ್‌ಡಿ ಕಾಯ್ದು ಕಾಯ್ದು ಕೊನೆಗೆ ತುರ್ತು ಸ್ಥಿತಿಗೆ ಇಳಿಸುತ್ತದೆ. ಆಗ ಎದುರಿಗಿರುವುದು ಮಿನುಗುವ ಕರ್ಸರ್, ಡಿಸ್ಕಿನಲ್ಲಿ ಮೊದಲೇ ಇದ್ದದ್ದಷ್ಟೇ ಗತಿ. ಆರ್ಚ್ ಉದಾಹರಣೆ ಅರ್ಧ ಸತ್ಯ. ಮೂಲ ಕಟ್ಟಿನಿಂದ ತೆಗೆದರೂ ಇನ್‌ಸ್ಟಾಲ್ ಮಾಡುವ ಐಎಸ್‌ಒ ಡಿಸ್ಕ್ ಇಮೇಜಿನಲ್ಲಿ ಎಡಿಟರ್ ಉಳಿಸಿಕೊಂಡಿದ್ದಾರೆ.

ಕೊನೆಯ ಬೆಂಚು: ಎಡಿಟರ್ ತೆರೆಯದೆ ಆದೇಶದಿಂದಲೇ ಕಡತ ಬದಲಿಸಲು ಸೆಡ್ ಇದೆಯಲ್ಲ. ಕ್ಯಾಟ್ ಇದೆ, ಎಕೋ ಇದೆ.

ರಾತ್ರಿ ಪಾಳಿ: ಇವೆ. ಕಡತದ ಕೊನೆಗೆ ಸೇರಿಸಲು ಎರಡು ಬಾಣದ ಗುರುತು (>>) ಹಾಕುವ ಕಡೆ ಒಂದನ್ನೇ ಹಾಕಿದರೆ ಹಳೆಯ ಕಡತ ಪೂರ್ತಿ ಅಳಿಸಿಹೋಗುವ ಸೌಲಭ್ಯವೂ ಇದೆ. ನಿದ್ದೆಗಣ್ಣಿನಲ್ಲಿ ಅದನ್ನು ನನ್ನ ಕೈಗೆ ಕೊಡಬೇಡ.

ಗ್ರಂಥಾಲಯ: ಹಾಗಾದರೆ ಇಡಿ (ed) ಎಂಬ ಹಳೆಯ ಎಡಿಟರ್ ಹಾಕಿ ಮುಗಿಸಿ. 1969ರಲ್ಲಿ ಕೆನ್ ಥಾಂಪ್ಸನ್ ಬರೆದದ್ದು, ಇವತ್ತಿಗೂ ಯುನಿಕ್ಸ್ ಮಾದರಿಯ ವ್ಯವಸ್ಥೆಗಳ ಪಾಸಿಕ್ಸ್ ಮಾನದಂಡದ ಕಡ್ಡಾಯ ಭಾಗ. ವಿಐ ಅದೇ ಮಾನದಂಡದಲ್ಲಿ ಐಚ್ಛಿಕ.

ಕಂಟೇನರ್ ಅಕ್ಕ: ತಪ್ಪು ಮಾಡಿದರೆ ಬರಿಯ ಪ್ರಶ್ನಾರ್ಥಕ ಚಿಹ್ನೆ ತೋರಿಸಿ ಸುಮ್ಮನಾಗುವ ಇಡಿ ತಾನೇ? ಅದಕ್ಕಿಂತ ನನ್ನ ಅತ್ತೆಯವರೇ ಹೆಚ್ಚು ವಿವರಣೆ ಕೊಡುತ್ತಾರೆ.

ಈಮ್ಯಾಕ್ಸ್ ಭಕ್ತ: ಯುನಿಕ್ಸ್ ಬಳಗದ ಓಪನ್‌ಬಿಎಸ್‌ಡಿಯ ಮೂಲ ವ್ಯವಸ್ಥೆಯಲ್ಲಿ ವಿಐ ಜೊತೆಗೆ ಎಂಜಿ ಎಂಬ, ಈಮ್ಯಾಕ್ಸ್ ಎಡಿಟರನ್ನು ಹೋಲುವ ಪುಟಾಣಿ ಎಡಿಟರ್ ಇದೆ. ಅಷ್ಟು ಜಿಪುಣರೇ ಜಾಗ ಕೊಟ್ಟಿದ್ದಾರೆ. ಸುಮ್ಮನೆ ತಿಳಿಸಿದೆ.

ಲ್ಯಾಬ್ ಕೀಲಿ: ಎಲ್ಲರೂ ಒಂದೊಂದು ತರುತ್ತಿದ್ದೀರಿ. ನನ್ನ ವಿಮ್ ಮಾತ್ರ ದುಂದುವೆಚ್ಚವೇ?

ರಾತ್ರಿ ಪಾಳಿ: ಅದು ನಿನ್ನದು ಎಂಬುದೇ ತೊಂದರೆ. ಆ ಸಾಲು ಬರೆಯುವಾಗ ನಿನ್ನ ಬೆರಳುಗಳಿಗೆ ಏನು ರೂಢಿ ಎಂದು ನೋಡಿದ್ದೀಯೇ ಹೊರತು, ಯಂತ್ರದ ಉಳಿದ ಪ್ರೋಗ್ರಾಂಗಳಿಗೆ ಏನು ಬೇಕೆಂದು ನೋಡಿಲ್ಲ. ಕ್ರಾನ್‌ಟ್ಯಾಬ್ (ಕೆಲಸಗಳ ವೇಳಾಪಟ್ಟಿ), ವಿಸುಡೋ (ಸುಡೋ ನಿಯಮಗಳು), ಗಿಟ್ (ಕೋಡ್ ಬದಲಾವಣೆಗಳ ದಾಖಲೆ), ಇವು ಯಾವುವೂ ತಾವೇ ಬರೆಯಲು ಜಾಗ ಕೊಡುವುದಿಲ್ಲ, ಹೊರಗಿನ ಎಡಿಟರನ್ನು ಕರೆಯುತ್ತವೆ. ಯಾರನ್ನೂ ಸೂಚಿಸದಿದ್ದರೆ ಯುನಿಕ್ಸ್ ರೂಢಿಯಲ್ಲಿ ಕರೆ ಹೋಗುವುದು ವಿಐ ಹೆಸರಿಗೆ. ಆದ್ದರಿಂದ ಆ ಹೆಸರಿಗೆ ಓಗೊಡುವ ಏನಾದರೊಂದು ಇರಬೇಕು. ವಿಮ್‌ನ ಕಿರುರೂಪ ವಿಮ್-ಟೈನಿ ಸಾಕು, ಹಲವು ಸಣ್ಣ ಆದೇಶಗಳನ್ನು ಒಂದೇ ಪ್ರೋಗ್ರಾಂನಲ್ಲಿ ಕೂಡಿಸಿಟ್ಟ ಬಿಸಿಬಾಕ್ಸ್ ಒಳಗಿನ ವಿಐ ಆದರೂ ಸಾಕು. ಆಲ್ಪೈನ್ ಎಂಬ ಪುಟ್ಟ ಲಿನಕ್ಸ್ ನಡೆಯುತ್ತಿರುವುದು ಬಿಸಿಬಾಕ್ಸ್ ಮೇಲೆಯೇ. ಯಾರಿಗೂ ಅಚ್ಚುಮೆಚ್ಚಲ್ಲದ ಎಡಿಟರ್ ಇದ್ದರೆ ಅದನ್ನು ಬೆಳೆಸುವ ಆಸೆಯೂ ಯಾರಿಗೂ ಹುಟ್ಟುವುದಿಲ್ಲ.

ಕಂಟೇನರ್ ಅಕ್ಕ: ಆದರೆ ಹೊಸಬರು? ವಿಮ್‌ನಿಂದ ಹೊರಬರುವುದು ಹೇಗೆ ಎಂಬ ಸ್ಟ್ಯಾಕ್ ಓವರ್‌ಫ್ಲೋ ತಾಣದ ಪ್ರಶ್ನೆಯನ್ನು 2017ರ ಹೊತ್ತಿಗೇ ಹತ್ತು ಲಕ್ಷಕ್ಕೂ ಹೆಚ್ಚು ಸಲ ನೋಡಲಾಗಿತ್ತು. ಫೆಡೋರಾ ಲಿನಕ್ಸ್‌ನವರು 2020ರಲ್ಲಿ, 33ನೇ ಆವೃತ್ತಿಯಿಂದ, ನ್ಯಾನೋವನ್ನು ಪೂರ್ವನಿಯೋಜಿತ ಎಡಿಟರ್ ಮಾಡಿದ್ದು ಸುಮ್ಮನೆಯೇ? ಮೈಕ್ರೋಸಾಫ್ಟ್ ಕೂಡ 2025ರಲ್ಲಿ ವಿಂಡೋಸ್‌ನ ಆದೇಶ ಪರದೆಗೆಂದು ಎಡಿಟ್ ಎಂಬ ಎಡಿಟರನ್ನು ಪ್ರಕಟಿಸಿತು. ಗಾತ್ರ 250 ಕೆಬಿಗಿಂತ ಕಡಿಮೆ, ಬರೆಯಲು ಒಂದು, ಆದೇಶಕ್ಕೆ ಇನ್ನೊಂದು ಎಂಬ ಮೋಡ್‌ಗಳ ಗೊಂದಲವಿಲ್ಲ. ವಿಮ್-ಟೈನಿಯ ಇನ್ನೊಂದು ಚೆಂದ ಹೇಳಲೇ? ಡೆಬಿಯನ್ ಅದನ್ನು ಹಳೆಯ ವಿಐ ಹಾಗೆ ನಡೆದುಕೊಳ್ಳುವಂತೆ ಹೊಂದಿಸಿ ಕೊಡುತ್ತದೆ. ಬರೆಯುತ್ತಿರುವಾಗ ಬಾಣದ ಕೀಲಿ ಒತ್ತಿದರೆ ಕರ್ಸರ್ ಸರಿಯುವ ಬದಲು ಎ, ಬಿ, ಸಿ, ಡಿ ಮೂಡುತ್ತವೆ. ತುರ್ತು ಸ್ಥಿತಿಯಲ್ಲಿ ಎಫ್‌ಎಸ್‌ಟ್ಯಾಬ್ ಒಳಗೆ ಎಬಿಸಿಡಿ!

ರಾತ್ರಿ ಪಾಳಿ: ಅದನ್ನು ಒಪ್ಪುತ್ತೇನೆ. ಸಂರಚನೆಯಲ್ಲಿ ಒಂದು ಸಾಲು ಸೇರಿಸಿದರೆ ಹೋಗುತ್ತದೆ, ಆದರೆ ಸೇರಿಸಲೇಬೇಕು.

ಲ್ಯಾಬ್ ಕೀಲಿ: ಸರಿ, ನಾಲ್ಕನೇ ಕರಡು. ಪೂರ್ತಿ ವಿಮ್ ಹೊರಗೆ. ವಿಮ್-ಟೈನಿ ಒಳಗೆ, ಆ ಸಾಲಿನ ಸಮೇತ. ನ್ಯಾನೋ ಕೂಡ ಒಳಗೆ. ಡೆಬಿಯನ್‌ನಲ್ಲಿ ‘ಎಡಿಟರ್’ ಎಂಬ ಸಾಮಾನ್ಯ ಹೆಸರಿನ ಕೊಂಡಿ ಇದೆಯಲ್ಲ, ಅದನ್ನು ನ್ಯಾನೋ ಕಡೆಗೆ ತಿರುಗಿಸುತ್ತೇನೆ. ಭಕ್ತರೇ, ಎಂಜಿ ಇಲ್ಲ, ಕ್ಷಮಿಸಿ.

ಕೊನೆಯ ಬೆಂಚು: ಒಂದು ಎಡಿಟರ್ ತೆಗೆಯಿರಿ ಎಂದರೆ ಎರಡು ಮಾಡಿದಿರಿ. ನಾನು ಒಪ್ಪಿಲ್ಲ ಎಂದು ಗುಂಪಿನಲ್ಲಿ ದಾಖಲಾಗಿರಲಿ.

ರಾತ್ರಿ ಪಾಳಿ: ಇಮೇಜ್ ಕಳುಹಿಸು. ಕೇಬಲ್ ಕಿತ್ತು, ಎಫ್‌ಎಸ್‌ಟ್ಯಾಬನ್ನು ಬೇಕೆಂದೇ ಕೆಡಿಸಿ ಬೂಟ್ ಮಾಡಿ ನೋಡುತ್ತೇನೆ. ಅಂದಹಾಗೆ, ರೂಟ್ ಪಾಸ್‌ವರ್ಡ್ ಇಟ್ಟಿದ್ದೀಯಾ?

ಲ್ಯಾಬ್ ಕೀಲಿ: ಇಲ್ಲ, ರೂಟ್ ಖಾತೆಗೆ ಬೀಗ ಹಾಕಿದ್ದೇನೆ. ಸುಡೋ ಇದೆಯಲ್ಲ.

ರಾತ್ರಿ ಪಾಳಿ: ಹಾಗಾದರೆ ತುರ್ತು ಸ್ಥಿತಿಯಲ್ಲಿ ಸಿಸ್ಟಮ್‌ಡಿ ರೂಟ್ ಖಾತೆಗೆ ಬೀಗ ಬಿದ್ದಿದೆ ಎಂದು ಹೇಳಿ ಶೆಲ್‌ಗೇ ಬಿಡುವುದಿಲ್ಲ. ಮೊದಲು ಅದನ್ನು ಸರಿಮಾಡು, ಎಡಿಟರ್ ಆಮೇಲೆ.